ಹಲವು ಕೈಗಳ ಒಂದು ಕಥೆ

'ಕಾದಂಬರಿ' ಎಂಬ ಮಾತನ್ನು ಆಡುವಾಗ ಅದರ ಹಿಂದೆ ಇಬ್ಬರು ಗ್ರಂಥಕರ್ತರು ಇದ್ದಾರೆಂಬುದು ನಮ್ಮ ನೆನಪಿಗೆ ಬರುವುದು ಅಪರೂಪ. ಏಳನೆಯ ಶತಮಾನದಲ್ಲಿ ಹರ್ಷಚಕ್ರವರ್ತಿಯ ಆಶ್ರಯದಲ್ಲಿದ್ದ ಬಾಣಭಟ್ಟನು ತನ್ನ ಗದ್ಯಕಾವ್ಯವನ್ನು ಮುಗಿಸುವ ಮೊದಲೇ ತೀರಿಕೊಂಡನು. ಉಳಿದುದನ್ನು ಬರೆದವನು ಅವನ ಮಗ ಭೂಷಣಭಟ್ಟ. ಶೂದ್ರಕನ ಸಭೆಗೆ ಬಂದು ಕಥೆ ಹೇಳುವ ಗಿಳಿ ಯಾರು, ಅದನ್ನು ಕೇಳುತ್ತ ಕುಳಿತ ರಾಜನಾದರೂ ಯಾರು? ಈ ಗಂಟನ್ನು ಕಟ್ಟಿದವನು ತಂದೆ, ಬಿಚ್ಚಿದವನು ಮಗ. ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ನಾಗವರ್ಮನು ಅದನ್ನು ಕನ್ನಡಕ್ಕೆ ತಂದನು. ಮುಂದೆ ಆ ಕಾವ್ಯದ ಹೆಸರೇ ಒಂದು ಸಾಹಿತ್ಯಪ್ರಕಾರದ ಹೆಸರಾಯಿತು. ಆದುದರಿಂದ ಒಬ್ಬರಿಗಿಂತ ಹೆಚ್ಚು ಮಂದಿ ಸೇರಿ ಕುತೂಹಲದ ಕಥೆಯೊಂದನ್ನು ಕಟ್ಟುವುದು ಪಾಶ್ಚಾತ್ಯರಿಂದ ಬಂದ ಹೊಸ ಚಮತ್ಕಾರವೆಂದು ಭಾವಿಸುವುದು ಸರಿಯಲ್ಲ.

ಕನ್ನಡ ಭಾರತದ ಚರಿತ್ರೆಯೂ ಇಂಥದೇ. ಕುಮಾರವ್ಯಾಸನು ಹತ್ತು ಪರ್ವಗಳನ್ನು ಹಾಡಿ ನಿಲ್ಲಿಸಿದನು. ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿಯು ಉಳಿದ ಎಂಟನ್ನು ಪೂರೈಸಿದನು. ಆದರೆ ಈ ಎರಡು ನಿದರ್ಶನಗಳಲ್ಲಿಯೂ ಮೊದಲನೆಯವನು ಬಿಟ್ಟುಹೋದುದನ್ನು ಎರಡನೆಯವನು ದಾಯವಾಗಿ ಪಡೆದನು. ಬದುಕಿರುವ ಹಲವು ಲೇಖಕರು ಒಂದೇ ಕಥೆಯನ್ನು ಕೈಯಿಂದ ಕೈಗೆ ದಾಟಿಸುವುದು ಅಚ್ಚಿನ ಯಂತ್ರ ಮತ್ತು ನಿಯತಕಾಲಿಕಗಳ ಯುಗದ ಮಾತು.

1893ರಲ್ಲಿ ಇಂಗ್ಲೆಂಡಿನ ಅರ್ಧ ಪೆನ್ನಿಯ ಪತ್ರಿಕೆಯೊಂದರಲ್ಲಿ ಹ್ಯಾರಿ ಬ್ಲೈತ್ ಎಂಬವರು ಸೆಕ್ಸ್‌ಟನ್ ಬ್ಲೇಕ್ ಎಂಬ ಪತ್ತೇದಾರನನ್ನು ಸೃಷ್ಟಿಸಿದರು. ತರುವಾಯ ಅನೇಕಾನೇಕ ಲೇಖಕರು ಅವನ ಸಾಹಸಗಳನ್ನು ಬರೆಯುತ್ತ ಹೋದರು. ಪಾತ್ರ ಒಂದು, ಲೇಖನಿಗಳು ಹಲವು. ಬಂಗಾಳದಲ್ಲಿ ದೀನೇಂದ್ರಕುಮಾರ ರಾಯರು ಅವನನ್ನು ರಾಬರ್ಟ್ ಬ್ಲೇಕ್ ಎಂದು ಕರೆದು 'ರಹಸ್ಯ ಲಹರಿ' ಮಾಲೆಯಲ್ಲಿ ತಮ್ಮ ಜನರ ಮುಂದಿಟ್ಟರು. 1927ರಲ್ಲಿ ರಷ್ಯಾದ 'ಅಗನ್ಯೋಕ್' ಪತ್ರಿಕೆಯು 25 ಮಂದಿ ಲೇಖಕರಿಂದ ಒಂದೇ ಕಾದಂಬರಿಯನ್ನು ಕಂತುಕಂತಾಗಿ ಬರೆಯಿಸಿತು.

ಈ ಬಗೆಯ ಬರವಣಿಗೆಗೆ ಕಟ್ಟುನಿಟ್ಟಾದ ಶಾಸ್ತ್ರವನ್ನು ವಿಧಿಸಿದವರು ಲಂಡನ್ನಿನ ಪತ್ತೇದಾರಿ ಲೇಖಕರ ಕೂಟದವರು. ಆಗಾಥಾ ಕ್ರಿಸ್ಟಿ, ಡೊರೊತಿ ಸೇಯರ್ಸ್, ಚೆಸ್ಟರ್‌ಟನ್ ಮೊದಲಾದ 14 ಮಂದಿ ಸೇರಿ 1931ರಲ್ಲಿ 'ದಿ ಫ್ಲೋಟಿಂಗ್ ಅಡ್ಮಿರಲ್' ಎಂಬ ಕಥೆಯನ್ನು ಪ್ರಕಟಿಸಿದರು. ನದಿಯಲ್ಲಿ ತೇಲಿಬಂದ ದೋಣಿಯೊಂದರಲ್ಲಿ ನೌಕಾಧಿಪತಿಯ ಶವ. ಹಿಂದಿನವರು ಒಡ್ಡಿದ ತೊಡಕುಗಳಲ್ಲಿ ಒಂದನ್ನೂ ಮುಂದಿನವರು ಕಡೆಗಣಿಸುವಂತಿಲ್ಲ. ಪ್ರತಿಯೊಬ್ಬರೂ ನಿಶ್ಚಿತವಾದ ಪರಿಹಾರವೊಂದನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆಯಬೇಕು. ಆ ಪರಿಹಾರವನ್ನು ಹಸ್ತಪ್ರತಿಯೊಡನೆ ಒಪ್ಪಿಸಬೇಕು. ಗಂಟನ್ನು ಹಾಕುವವನಿಗೆ ಅದನ್ನು ಬಿಚ್ಚುವ ಬಗೆಯೂ ತಿಳಿದಿರಬೇಕೆಂಬುದೇ ಇದರ ಮರ್ಮ. ಕಡೆಯ ಅಧ್ಯಾಯವನ್ನು ಬರೆಯುವ ಪಾಡು ಆಂಟನಿ ಬರ್ಕ್ಲಿಯವರ ಪಾಲಿಗೆ ಬಂದಿತು. ಎಲ್ಲರ ಸಿಕ್ಕುಗಳೂ ಅವರೊಬ್ಬರ ತಲೆಯ ಮೇಲೆ! ಅವರು ಆ ಅಧ್ಯಾಯಕ್ಕೆ ಕೊಟ್ಟ ಹೆಸರೇ ಗೊಂದಲವನ್ನು ಗುಡಿಸುವುದು ಎಂಬ ಅರ್ಥದ್ದು.

ಕನ್ನಡದಲ್ಲಿ ಕುತೂಹಲ ಸಾಹಿತ್ಯವು ಬೆಳೆದುದು ಬಹುಮಟ್ಟಿಗೆ ಒಂಟಿ ಲೇಖನಿಗಳಿಂದ. ಹೆಚ್ಚಿನ ಶಾಲಾವಿದ್ಯೆಯಿಲ್ಲದ ಎನ್. ನರಸಿಂಹಯ್ಯನವರು (1925-2011) ಪತ್ತೇದಾರ ಪುರುಷೋತ್ತಮನನ್ನು ಸೃಷ್ಟಿಸಿ, ಐನೂರಕ್ಕೂ ಮಿಕ್ಕಿ ಕಾದಂಬರಿಗಳನ್ನು ಬರೆದು, ಸಾಮಾನ್ಯರ ಕೈಗೆ ಕನ್ನಡ ಪುಸ್ತಕವನ್ನು ಕೊಟ್ಟರು. ಟಿ. ಕೆ. ರಾಮರಾಯರು ಕುತೂಹಲಕ್ಕೆ ಕೌಟುಂಬಿಕ ಜೀವನದ ಹದವನ್ನು ಬೆರೆಸಿದರು. ಕನ್ನಡದ ಹಳದಿ-ಕೆಂಪು ಬಾವುಟವನ್ನು ನಮಗೆ ಕೊಟ್ಟ ಮ. ರಾಮಮೂರ್ತಿಯವರು (1918-1967) ಸಹ ಪತ್ತೇದಾರಿ ಕಾದಂಬರಿಗಳನ್ನು ಬರೆದವರೇ. ಈ ಸಾಹಿತ್ಯವನ್ನು ಕೀಳೆಂದು ತಳ್ಳುವ ಪಂಡಿತರು ಇದನ್ನು ಗಮನಿಸಬೇಕು. ನಾಡಿನ ಮೇಲಣ ಅಭಿಮಾನವೂ ಪತ್ತೇದಾರಿಯೂ ಒಂದೇ ಲೇಖನಿಯಲ್ಲಿ ಕೂಡಿ ಬಾಳಿದುವು.

ನಮ್ಮ ಸಿಂಗಾನಲ್ಲೂರಿನ ಹೆಸರನ್ನೇ ಹೊತ್ತ ಮತ್ತೊಂದು ಊರು ಕೊಳ್ಳೇಗಾಲದ ಸೀಮೆಯಲ್ಲಿದೆ. 1956ರ ರಾಜ್ಯ ಪುನರ್ವಿಂಗಡಣೆಯ ಪರ್ಯಂತ ಕೊಳ್ಳೇಗಾಲವೂ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಆ ಊರನ್ನು ತಮ್ಮ ಹೆಸರಿನ ಮೊದಲಲ್ಲಿಟ್ಟುಕೊಂಡ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಮುತ್ತುರಾಜರೇ ರಾಜಕುಮಾರರು. 1968ರ 'ಜೇಡರ ಬಲೆ'ಯಲ್ಲಿ ಅವರನ್ನು ಸಿ.ಐ.ಡಿ. 999 ಆಗಿ ತೋರಿಸಿದವರು ದೊರೆ-ಭಗವಾನ್ ಎಂಬ ಜೋಡಿ ನಿರ್ದೇಶಕರು. ಅಲ್ಲಿಯೂ ಇಬ್ಬರ ಕೈ!

ಇತ್ತ ತಮಿಳಿನಲ್ಲಿ ನಮ್ಮ ಕೊಯಮತ್ತೂರಿನವರೇ ಆದ ರಾಜೇಶ್ ಕುಮಾರರು ಸಾವಿರಕ್ಕೂ ಮಿಕ್ಕಿ ಅಪರಾಧ ಕಾದಂಬರಿಗಳನ್ನು ಬರೆದಿದ್ದಾರೆ. ಸುರೇಶ್, ಬಾಲಕೃಷ್ಣನ್ ಎಂಬ ಇಬ್ಬರು ಗೆಳೆಯರು 'ಶುಭಾ' ಎಂಬ ಒಂದೇ ಹೆಸರಿನಿಂದ ಬರೆದು, ನರೇಂದ್ರನ್-ವೈಜಯಂತಿ ಎಂಬ ಪತ್ತೇದಾರ ಜೋಡಿಯನ್ನು ಮನೆಮಾತಾಗಿಸಿದ್ದಾರೆ.

ಇದನ್ನೆಲ್ಲ ಇಲ್ಲಿ ಹೇಳಲು ಕಾರಣವುಂಟು. ನೊಯ್ಯಲ್ ತೀರದ ಈ ಸೀಮೆಯಲ್ಲಿ ದೇವಾಂಗರ ಮನೆಗಳಲ್ಲಿ, ಒಕ್ಕಲಿಗರ ಮನೆಗಳಲ್ಲಿ ಕನ್ನಡ ಇನ್ನೂ ಉಸಿರಾಡುತ್ತಿದೆ. ಆದರೆ ಅದು ಬಾಯಿಯ ಕನ್ನಡ, ಕಣ್ಣಿನ ಕನ್ನಡವಲ್ಲ. ಅಜ್ಜಿಯೊಡನೆ ಕನ್ನಡದಲ್ಲಿ ಜಗಳವಾಡುವ ಹುಡುಗನು ಪುಸ್ತಕ ತೆರೆಯುವುದು ತಮಿಳಿನಲ್ಲಿ. ತಮಿಳು ನಮಗೆ ಅನ್ನವಿಟ್ಟ ಭಾಷೆ, ಸೋದರಭಾಷೆ. ಅದನ್ನು ಓದುವುದು ಸಂತೋಷದ ವಿಷಯವೇ. ಆದರೆ ಲಿಪಿಯನ್ನು ಕಳೆದುಕೊಂಡ ಮನೆಮಾತು ಎಷ್ಟು ತಲೆಮಾರು ಬಾಳೀತು? ಅಕ್ಷರಮಾಲೆಯನ್ನು ಕಲಿಸಿದರೆ ಸಾಲದು. ಮುಂದಿನ ಪುಟವನ್ನು ತಿರುವಿಸುವ ಹಸಿವನ್ನೂ ಹುಟ್ಟಿಸಬೇಕು. 'ಆಮೇಲೇನಾಯಿತು?' ಎಂಬ ಪ್ರಶ್ನೆಗಿಂತ ಬಲ್ಲಿದನಾದ ಉಪಾಧ್ಯಾಯನನ್ನು ನಾವು ಕಂಡಿಲ್ಲ.

ಆದುದರಿಂದ ಸಂಘದ ಹಿರಿಯರಲ್ಲಿ ನಮ್ಮದೊಂದು ವಿಜ್ಞಾಪನೆ. ನಮ್ಮ ಮಕ್ಕಳಿಗಾಗಿ ಒಂದು ಕೈಬರಹದ ಪತ್ರಿಕೆ ಹೊರಡಲಿ. ಅದರಲ್ಲಿ ಒಂದು ಕುತೂಹಲಕಥೆ ನಡೆಯಲಿ. ತಿಂಗಳಿಗೊಂದು ಮನೆಯ ಮಗುವು ಒಂದೊಂದು ಅಧ್ಯಾಯವನ್ನು ಕನ್ನಡ ಲಿಪಿಯಲ್ಲಿ ಬರೆಯಲಿ. ಪರಿಹಾರವನ್ನು ಲಕೋಟೆಯಲ್ಲಿಟ್ಟು ಕಾರ್ಯದರ್ಶಿಗಳಿಗೆ ಒಪ್ಪಿಸಲಿ. ತನ್ನ ಸರದಿ ಬಂದಾಗ ಬರೆಯಬೇಕಾದವನು ಹಿಂದಿನವರು ಬರೆದುದೆಲ್ಲವನ್ನೂ ಓದಲೇಬೇಕಲ್ಲವೆ! ಬಾಣನ ಮಗನು ತಂದೆಯ ಕಥೆಯನ್ನು ಅರ್ಧಕ್ಕೆ ನಿಲ್ಲಗೊಡಲಿಲ್ಲ. ಗಡಿಯಾಚೆಗೆ ಬಂದು ನೆಲೆಸಿದ ನಮ್ಮ ಹಿರಿಯರ ಮಾತಿಗೂ ಮುಂದಿನ ಅಧ್ಯಾಯವನ್ನು ಬರೆಯುವ ಕೈಗಳು ಬೇಕಾಗಿವೆ.