ಕಲ್ಪಿತ ಹೆಸರುಗಳೂ ನಮ್ಮ ಶಾಲೆಯ ಪಟಸಂಖ್ಯೆಯೂ

ಹೊಸ ತಂತ್ರಾಂಶವೊಂದನ್ನು ಬಳಕೆಗೆ ಬಿಡುವ ಮುನ್ನ ಪರೀಕ್ಷಿಸಬೇಕಾಗುತ್ತದೆ. ಪರೀಕ್ಷೆಗೆ ಹೆಸರು, ವಿಳಾಸ, ಜನ್ಮದಿನಾಂಕ, ದೂರವಾಣಿ ಸಂಖ್ಯೆಗಳು ಬೇಕು. ನಿಜವಾದ ಜನರ ವಿವರಗಳನ್ನೇ ಬಳಸಿದರೆ ಅವು ಸೋರಿಹೋಗುವ ಭಯವಿದೆ. ಆದುದರಿಂದ ಎಲ್ಲಿಯೂ ಇಲ್ಲದ ವ್ಯಕ್ತಿಗಳನ್ನೂ ಎಲ್ಲಿಯೂ ನೋಂದಣಿಯಾಗದ ಕಂಪನಿಗಳನ್ನೂ ಕಲ್ಪಿಸಿ ತುಂಬುತ್ತಾರೆ. ರೂಢಿಯಲ್ಲಿ ಇದಕ್ಕೆ ಡಮ್ಮಿ ಡೇಟಾ ಎಂದು ಹೆಸರು. ಯೆಣೆಗೂರ, ನಿಲಂಗಾ, ಉದಗೀರ ಭಾಗದ ಕನ್ನಡ ಮಾಧ್ಯಮದ ಪಾಲಕರಿಗೆ ಇದರಿಂದೇನು ಎಂಬ ಪ್ರಶ್ನೆ ಸಹಜ. ನಮ್ಮ ಮಕ್ಕಳ ಹೆಸರನ್ನು ಸರ್ಕಾರದ ಗಣಕವು ಗುರುತಿಸುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಇಲ್ಲಿಯೇ ತೀರ್ಮಾನವಾಗುತ್ತದೆ ಎಂದು ನಾವು ಭಾವಿಸುತ್ತೇವೆ.

ಈ ಕೆಲಸಕ್ಕೆ ಫೇಕರ್ ಎಂಬಂತಹ ಸಿದ್ಧ ಸಾಧನಗಳು ಬಹಳ ವರ್ಷಗಳಿಂದ ಇವೆ. ಅವುಗಳನ್ನು ನಡೆಸಲು ಪ್ರೋಗ್ರಾಮಿಂಗ್ ತಿಳಿದಿರಬೇಕಿತ್ತು. ಈಗ ಎಐ ಏಜೆಂಟ್ ಬಂದಿದೆ. ಇದು ಉತ್ತರ ಹೇಳಿ ಸುಮ್ಮನಾಗುವುದಿಲ್ಲ. ತನಗೆ ಒಪ್ಪಿಸಿದ ಸಾಧನಗಳನ್ನು ತಾನೇ ನಡೆಸಿ ಕೆಲಸ ಪೂರೈಸುತ್ತದೆ. ಹೀಗೆ ಸಾಧನಗಳನ್ನು ಜೋಡಿಸುವ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಎಂಬ ಪದ್ಧತಿಯನ್ನು ಆಂಥ್ರೊಪಿಕ್ ಕಂಪನಿ 2024ರ ನವೆಂಬರಿನಲ್ಲಿ ಪ್ರಕಟಿಸಿತು. ‘ಇಪ್ಪತ್ತು ಕಂಪನಿ, ಪ್ರತಿಯೊಂದಕ್ಕೂ ಐದು ನೌಕರರು’ ಎಂದು ಆಡುಮಾತಿನಲ್ಲಿ ಹೇಳಿದರೆ ಸಾಕು, ಪಟ್ಟಿ ಕ್ಷಣದಲ್ಲಿ ಸಿದ್ಧವಾಗುತ್ತದೆ.

ಪಟ್ಟಿ ನಂಬುವಂತಿರಬೇಕಾದರೆ ಸಂಖ್ಯೆಗಳ ನಿಯಮ ತಪ್ಪಬಾರದು. ಜಿಎಸ್‌ಟಿ ನೋಂದಣಿ ಸಂಖ್ಯೆಯಲ್ಲಿ 15 ಅಕ್ಷರಾಂಕಗಳು. ಮೊದಲೆರಡು ರಾಜ್ಯದ ಸಂಕೇತ, ಮಹಾರಾಷ್ಟ್ರಕ್ಕೆ 27, ಕರ್ನಾಟಕಕ್ಕೆ 29. ಅನಂತರದ 10 ಪ್ಯಾನ್ ಸಂಖ್ಯೆ. ಆಧಾರ್‌ನ 12 ಅಂಕಿಗಳಲ್ಲಿ ಕೊನೆಯದು ಹಿಂದಿನ 11 ಅಂಕಿಗಳಿಂದ ಲೆಕ್ಕ ಹಾಕಿ ಪಡೆದ ತಾಳೆಯ ಅಂಕಿ. ಅಪಾಯವಿರುವುದು ಇಲ್ಲಿಯೇ. ಲೆಕ್ಕ ಸರಿಯಾಗಿ ಕೂಡುವ ಕಲ್ಪಿತ ಸಂಖ್ಯೆಯು ಯಾರೋ ಒಬ್ಬರ ನಿಜವಾದ ಆಧಾರ್ ಆಗಿಬಿಡಬಹುದು. ಬಲ್ಲವರು ತಾಳೆಯ ಅಂಕಿಯನ್ನು ಬೇಕೆಂದೇ ತಪ್ಪಾಗಿ ಇಡಿಸುತ್ತಾರೆ. ಇಮೇಲ್ ವಿಳಾಸಕ್ಕೆ ಎಕ್ಸಾಂಪಲ್ ಡಾಟ್ ಕಾಮ್ ಎಂಬುದನ್ನು ಬಳಸುತ್ತಾರೆ. ಆ ಹೆಸರನ್ನು 1999ರಲ್ಲಿಯೇ ಇಂತಹ ಉದಾಹರಣೆಗಳಿಗೆಂದು ಕಾದಿರಿಸಲಾಗಿದೆ.

ಇನ್ನು ಹೆಸರುಗಳ ವಿಚಾರ. ಮರಾಠಿಯ ರೂಢಿಯ ಬರಹದಲ್ಲಿ ಹ್ರಸ್ವ ಎಕಾರ, ಒಕಾರಗಳಿಗೆ ಬೇರೆ ಅಕ್ಷರವಿಲ್ಲ. ಯೆಣೆಗೂರ ಎಂಬ ಊರು ದೇವನಾಗರಿಗೆ ಹೋಗಿ ಯಂತ್ರದ ಮೂಲಕ ಕನ್ನಡಕ್ಕೆ ಮರಳಿದರೆ ‘ಯೇಣೇಗೂರ’ ಆಗುತ್ತದೆ. ಹೊನ್ನಮ್ಮ ‘ಹೋನ್ನಮ್ಮಾ’ ಆಗುತ್ತಾಳೆ, ಮಲ್ಲಪ್ಪ ‘ಮಲ್ಲಪ್ಪಾ’ ಆಗುತ್ತಾನೆ. ಇಂಗ್ಲಿಷಿನಲ್ಲಿ ಒಂದು ಎಲ್ ಬಿಟ್ಟರೆ ಮಲಪ್ಪ. ಅಡ್ಡಹೆಸರು, ಹೆಸರು, ತಂದೆಯ ಹೆಸರು ಎಂಬ ಮೂರು ಮನೆಗಳ ಅರ್ಜಿಯಲ್ಲಿ, ಅಡ್ಡಹೆಸರು ಬಳಸದ ಮನೆತನದವರು ಏನನ್ನು ಬರೆಯಬೇಕು? ಮಹಾನಗರದ ಹೆಸರುಗಳಿಂದ ಮಾತ್ರ ಪರೀಕ್ಷೆಗೊಂಡ ತಂತ್ರಾಂಶಕ್ಕೆ ಈ ತೊಡಕುಗಳು ಕಾಣುವುದೇ ಇಲ್ಲ. ಗಡಿನಾಡಿನ ಹೆಸರುಗಳನ್ನು ಮೂರೂ ಲಿಪಿಗಳಲ್ಲಿ ಕಲ್ಪಿಸಿಕೊಡು ಎಂದು ಏಜೆಂಟ್‌ಗೆ ಹೇಳುವುದು ಕಷ್ಟವೇನಲ್ಲ, ಹೇಳುವವರು ಬೇಕು. ಜಿಲ್ಲೆಯ ಹೆಸರೇ ಉಸ್ಮಾನಾಬಾದ ಹೋಗಿ ಧಾರಾಶಿವ ಆಗಿರುವಾಗ ಹಳೆಯ ದಾಖಲೆಯೂ ಹೊಸ ದಾಖಲೆಯೂ ಒಂದೇ ಎಂದು ಗಣಕಕ್ಕೆ ತಿಳಿಸಿಕೊಡಬೇಕಷ್ಟೆ.

ಅಕ್ಷರ ಕೂಡದಿದ್ದರೆ ನಷ್ಟವೇನು? ಮಹಾರಾಷ್ಟ್ರದಲ್ಲಿ ಇತ್ತೀಚಿನ ವರ್ಷಗಳಲ್ಲಿ ಸಂಚ ಮಾನ್ಯತೆಗೆ, ಅಂದರೆ ಶಿಕ್ಷಕ ಹುದ್ದೆಗಳ ಮಂಜೂರಾತಿಗೆ, ಆಧಾರ್ ತಾಳೆಯಾದ ವಿದ್ಯಾರ್ಥಿಗಳನ್ನೇ ಎಣಿಸುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಐದನೆಯ ತರಗತಿಯವರೆಗೆ 60 ಮಕ್ಕಳಿಗೆ ಇಬ್ಬರು ಶಿಕ್ಷಕರು, 61 ಆದರೆ ಮೂವರು. ಸಣ್ಣ ಕನ್ನಡ ಶಾಲೆಯಲ್ಲಿ ಒಂದು ಹೆಸರಿನ ಕಾಗುಣಿತ ತಪ್ಪಿದರೆ ಒಬ್ಬ ಶಿಕ್ಷಕರ ಹುದ್ದೆಗೆ ಕುತ್ತು ಬರಬಹುದು.

ಈ ಬಿಗಿಗೆ ಕಾರಣವೂ ಕಲ್ಪಿತ ಹೆಸರುಗಳೇ, ಆದರೆ ಬೇರೆ ಜಾತಿಯವು. ಉದಗೀರಕ್ಕೆ ನೆರೆಯ ನಾಂದೇಡ ಜಿಲ್ಲೆಯಲ್ಲಿ ನಡೆದ ತಪಾಸಣೆಯ ಬೆನ್ನಿಗೆ, 2011ರ ಅಕ್ಟೋಬರ್ 3ರಿಂದ 5ರವರೆಗೆ ರಾಜ್ಯದಾದ್ಯಂತ ಪಟ ಪಡತಾಳಣಿ ನಡೆಯಿತು. ಮಕ್ಕಳ ಬೆರಳಿಗೆ ಮತದಾನದ ಶಾಯಿ ಹಚ್ಚಿ ಎಣಿಸಿದರು. ಪಟದಲ್ಲಿದ್ದು ತರಗತಿಯಲ್ಲಿ ಇಲ್ಲದ ಹೆಸರುಗಳು ಸುಮಾರು 20 ಲಕ್ಷ. ಅನುದಾನ, ಹುದ್ದೆ, ಮಧ್ಯಾಹ್ನದ ಊಟ ಎಲ್ಲವೂ ಆ ಹೆಸರುಗಳ ಮೇಲೆ ಸಂದಿದ್ದವು. ಅಂದು ಕೈಬರಹದಲ್ಲಿ ನಡೆದ ವಂಚನೆಗೆ ಇಂದು ಏಜೆಂಟ್ ಕೆಲವೇ ನಿಮಿಷ ತೆಗೆದುಕೊಂಡೀತು. ಆದುದರಿಂದಲೇ ಪರೀಕ್ಷೆಯ ಕೋಶವನ್ನೂ ನಿಜವಾದ ದಾಖಲೆಯ ಕೋಶವನ್ನೂ ಎಂದಿಗೂ ಬೆರೆಸಬಾರದು. ಪ್ರತಿ ಕಲ್ಪಿತ ದಾಖಲೆಯ ಮೇಲೂ ‘ಪರೀಕ್ಷೆ’ ಎಂಬ ಗುರುತು ಇರಬೇಕು.

ಪಾಲಕರೂ ಮುಖ್ಯಾಧ್ಯಾಪಕರೂ ಗಮನಿಸಬೇಕಾದ ಸಂಗತಿಯೊಂದಿದೆ. ‘ಇದೇ ಮಾದರಿಯಲ್ಲಿ ಇನ್ನಷ್ಟು ಹೆಸರು ಕೊಡು’ ಎಂದು ತರಗತಿಯ ನಿಜವಾದ ಪಟ್ಟಿಯನ್ನು, ಆಧಾರ್ ಸಂಖ್ಯೆ ಸಹಿತ, ಎಐ ಸಾಧನಕ್ಕೆ ಅಂಟಿಸಿದರೆ ಡಮ್ಮಿ ಡೇಟಾದ ಉದ್ದೇಶವೇ ತಲೆಕೆಳಗಾಗುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು 18 ತುಂಬದವರನ್ನು ಮಕ್ಕಳೆಂದು ಪರಿಗಣಿಸಿ, ಅವರ ಮಾಹಿತಿಯ ಬಳಕೆಗೆ ಪಾಲಕರ ಒಪ್ಪಿಗೆ ಬೇಕೆನ್ನುತ್ತದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು ಹಂತಹಂತವಾಗಿ ಜಾರಿಗೆ ಬರುತ್ತಿವೆ. ಶಾಲೆಯ ಜನರಲ್ ರಜಿಸ್ಟರಿನಲ್ಲಿರುವ ಹೆಸರು ಆಧಾರ್‌ನಲ್ಲಿರುವ ಹೆಸರಿಗೆ ಅಕ್ಷರಶಃ ಹೊಂದುತ್ತದೆಯೇ ಎಂಬುದನ್ನು ಪಾಲಕರು ದಾಖಲಾತಿಯ ದಿನವೇ ನೋಡಿಕೊಂಡರೆ, ಶಾಲೆ ಬಿಟ್ಟ ದಾಖಲೆ ಪಡೆಯುವಾಗ ತಹಸೀಲಿಗೆ ಅಲೆಯುವುದು ತಪ್ಪುತ್ತದೆ.