ಹಟ್ಟಿಯ ಹಾಲು, ಒಲೆಯ ಮಾಂಸ: ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯ ಆಹಾರ ಚರಿತ್ರೆಯ ಒಂದು ಪ್ರಶ್ನೆ

ಟೆಕ್ಸಾಸ್ ಮತ್ತು ಮೆಕ್ಸಿಕೊ ಗಡಿಯ ದನಗಾಹಿ ನಾಡಿನಲ್ಲಿ ದನದ ಕೈಮಾ ಮತ್ತು ಕರಗಿಸಿದ ಚೀಸ್ ಒಂದೇ ಪಾತ್ರೆಯಲ್ಲಿ ಬೆರೆತು, ಮೆಕ್ಕೆಜೋಳದ ಚಿಪ್ಸ್ ಅದ್ದಿ ತಿನ್ನುವ ಬಿಸಿ ತಿನಿಸು ಬಳಕೆಗೆ ಬಂತು. ಚಳ್ಳಕೆರೆ, ಮೊಳಕಾಲ್ಮೂರು ಕೂಡ ದನಗಾಹಿ ಸೀಮೆಯೇ. ಇಲ್ಲಿನ ದನಗಾಹಿಕೆ ನವಶಿಲಾಯುಗದಷ್ಟು ಹಳೆಯದು. ಆದರೂ ಇಲ್ಲಿ ಚೀಸ್ ಹುಟ್ಟಲಿಲ್ಲ. ಹಾಲು, ಮಾಂಸ ಒಂದೇ ಮಡಕೆ ಸೇರುವ ಅಡುಗೆಯೂ ಬೆಳೆಯಲಿಲ್ಲ. ಧರ್ಮಶ್ರದ್ಧೆಯೇ ಕಾರಣವೆಂದು ಹೇಳಿ ಮುಗಿಸುವುದು ವಾಡಿಕೆ. ಶ್ರದ್ಧೆಯಷ್ಟೇ, ಬಹುಶಃ ಅದಕ್ಕಿಂತಲೂ ಹೆಚ್ಚಾಗಿ, ಎತ್ತಿನ ಬೆಲೆ ಇದನ್ನು ನಿರ್ಧರಿಸಿತು ಎಂಬುದು ನನ್ನ ವಾದ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಮೊದಲು ಅಗೆದರು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲಿ ಉತ್ಖನನ ನಡೆಸಿ, ಕಲ್ಲುಕೊಡಲಿಯ ಜನ, ಬೃಹತ್ ಶಿಲಾಸಮಾಧಿಯ ಜನ, ಅವರ ನಂತರದ ಸಾತವಾಹನ ಕಾಲದವರು ಎಂದು ಮೂರು ಪದರಗಳನ್ನು ಗುರುತಿಸಿದರು. ಆ ಕಲ್ಲುಕೊಡಲಿಯ ಜನರ ಬಳಗ ತುಂಗಭದ್ರೆಯಿಂದ ಕೃಷ್ಣೆಯವರೆಗೆ ಹರಡಿತ್ತು. ಅವರು ಬಿಟ್ಟುಹೋದ ಬೂದಿದಿಬ್ಬಗಳು ಸುಟ್ಟ ಸಗಣಿಯವು ಎಂದು ಈಗ ಖಚಿತವಾಗಿದೆ. ಸುರಪುರ ಸೀಮೆಯ ಬೂದಿಹಾಳದಲ್ಲಿ ಪುರಾತತ್ವಜ್ಞ ಕೆ. ಪದ್ದಯ್ಯ ಅವರಿಗೆ ದನಗಳನ್ನು ಕಡಿದು ಪಾಲು ಮಾಡುತ್ತಿದ್ದ ನೆಲಗಟ್ಟೇ ಸಿಕ್ಕಿತು. ಹುರುಳಿ, ಹೆಸರು, ಕೊರಲೆಯ ಜೊತೆ ಗೋಮಾಂಸವೂ ಈ ಜನರ ಊಟವಾಗಿತ್ತು. ಇದನ್ನು ಮುಚ್ಚಿಟ್ಟು ನಮ್ಮ ಆಹಾರ ಚರಿತ್ರೆ ಬರೆಯಲಾಗದು.

1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಬೆಳಕಿಗೆ ತಂದ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರದ ಅಶೋಕನ ಶಾಸನಗಳು ಇಸಿಲದ ಮಹಾಮಾತ್ರರಿಗೆ, ಅಂದರೆ ಅಧಿಕಾರಿಗಳಿಗೆ, ಬರೆದವು. ತಂದೆತಾಯಿಗಳ ಮಾತು ಕೇಳಬೇಕು, ಜೀವಿಗಳ ಬಗ್ಗೆ ದಯೆ ಗಟ್ಟಿಯಾಗಿರಬೇಕು, ಸತ್ಯ ನುಡಿಯಬೇಕು ಎಂಬುದು ಅವುಗಳ ಬೋಧೆ. ಇದು ಉಪದೇಶ, ಊಟದ ಕಟ್ಟಳೆಯಲ್ಲ. ಸುಮಾರು ಸಾವಿರದ ನಾನೂರು ವರ್ಷಗಳ ಬಳಿಕ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಎರಡು ಪಾಕಗಳು ಕಾಣುತ್ತವೆ: ಕೊಚ್ಚಿದ ಮಾಂಸಕ್ಕೆ ಮಸಾಲೆ ಬೆರೆಸಿ ಕಟ್ಟಿದ ಉಂಡೆ, ಕಾಯಿಸಿದ ಹಾಲನ್ನು ಹುಳಿ ಹಾಕಿ ಒಡೆಸಿ, ನೀರು ಬಸಿದು ಮಾಡಿದ ಸಿಹಿ. ಹಾಲನ್ನು ಗಟ್ಟಿ ಮಾಡುವ ವಿದ್ಯೆ ಕನ್ನಡ ನಾಡಿಗೆ ತಿಳಿದಿತ್ತು. ಆದರೆ ಒಡೆದ ಹಾಲು ಸಿಹಿಯ ಕಡೆ ಹೋಯಿತು, ಮಾಂಸ ಖಾರದ ಕಡೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಬರೆದ ‘ಸೂಪಶಾಸ್ತ್ರ’ದಲ್ಲಂತೂ ಮಾಂಸವೇ ಇಲ್ಲ.

ಮುಖ್ಯ ಸಂಗತಿ ಇರುವುದು ದನ ಮೇಯಲು ಮೀಸಲಿಟ್ಟ ಹುಲ್ಲುಗಾವಲುಗಳಾದ ಕಾವಲುಗಳಲ್ಲಿ. ಮೈಸೂರಿನ ಚಿಕ್ಕದೇವರಾಜ ಒಡೆಯರು (ಆಳ್ವಿಕೆ 1673–1704) ಅರಮನೆಗೆ ಹಾಲು ಬೆಣ್ಣೆ ಒದಗಿಸಲು ಬೆಣ್ಣೆ ಚಾವಡಿ ಎಂಬ ದನಗಳ ಇಲಾಖೆ ಕಟ್ಟಿದರು. ಹೈದರನ ಕಾಲಕ್ಕೆ ಅದೇ ದನಗಳು ಫಿರಂಗಿ ಎಳೆದವು. ಟಿಪ್ಪು ಆ ಇಲಾಖೆಗೆ ಅಮೃತ ಮಹಲ್ ಎಂದು ಹೆಸರಿಟ್ಟ. ಹೆಸರಿನಲ್ಲಿ ಅಮೃತವಿದ್ದರೂ ತಳಿಯನ್ನು ಆರಿಸಿ ಬೆಳೆಸಿದ್ದು ಓಟಕ್ಕೆ, ಎಳೆತಕ್ಕೆ, ಬರವನ್ನು ತಾಳುವುದಕ್ಕೆ. ಹಸುವಿನ ಹಾಲು ಕರುವಿಗೆ ಸಾಕಾಗಿ ಸ್ವಲ್ಪ ಮಿಕ್ಕರೆ ಹೆಚ್ಚು. ಒಂದು ಕಿಲೋ ಗಟ್ಟಿ ಚೀಸ್‌ಗೆ ಸುಮಾರು 10 ಲೀಟರ್ ಹಾಲು ಬೇಕು. ಅದಕ್ಕಿಂತ ಮುಖ್ಯವಾದುದು ಹೆಪ್ಪು: ಯೂರೋಪಿನ ಹಳೆಯ ಚೀಸ್ ಹೆಪ್ಪುಗಟ್ಟುತ್ತಿದ್ದುದು ಹಾಲು ಕುಡಿಯುವ ಎಳೆಗರುವಿನ ಹೊಟ್ಟೆಯ ರಸದಿಂದ. ಅಲ್ಲಿ ಗಂಡುಗರು ಹೆಚ್ಚುವರಿ, ಕೊಯ್ದರೆ ನಷ್ಟವಿರಲಿಲ್ಲ. ಇಲ್ಲಿ ಗಂಡುಗರುವೇ ನಾಳಿನ ಎತ್ತು. ಮಳೆ ಕಡಿಮೆಯಿರುವ ಈ ಸೀಮೆಯಲ್ಲಿ ಹದ ಬಿದ್ದ ನಾಲ್ಕಾರು ದಿನದಲ್ಲೇ ಬಿತ್ತನೆ ಮುಗಿಯಬೇಕು. ಎತ್ತಿಲ್ಲದವನ ಹೊಲ ಬೀಳು. ಮಿಕ್ಕ ಹಾಲನ್ನು ಮೊಸರು ಮಾಡಿ ಕಡೆದು, ಬೆಣ್ಣೆ ಕಾಯಿಸಿ ತುಪ್ಪವಾಗಿಸಿದರೆ ಬೇಸಿಗೆಯಲ್ಲೂ ಕೆಡದು.

ಈ ಸೀಮೆಯ ದನಗಾಹಿ ಸಮುದಾಯವಾದ ಮ್ಯಾಸಬೇಡರಲ್ಲಿರುವ, ದೇವರಿಗೆ ಮೀಸಲಾದ ‘ದೇವರ ಎತ್ತು’ಗಳ ಸಂಪ್ರದಾಯವನ್ನು ಈ ಹಿನ್ನೆಲೆಯಲ್ಲೇ ನೋಡಬೇಕು. ಹಟ್ಟಿಯಿಂದ ದೂರದ ರೊಪ್ಪಗಳಲ್ಲಿ, ಅಂದರೆ ದೊಡ್ಡಿಗಳಲ್ಲಿ, ದನ ಕಾಯುವ ಕಿಲಾರಿಗಳು ಈ ದನಗಳೊಂದಿಗೆ ಬಾಳುತ್ತಾರೆ. ಶ್ರದ್ಧೆ ಇಲ್ಲಿ ತಳಿಯ ಕಾವಲೂ ಆಗಿದೆ. ಅದನ್ನು ಗೌರವದಿಂದ ದಾಖಲಿಸಬೇಕು. ಇದೇ ಹಟ್ಟಿಗಳಲ್ಲಿ ಚೀಸ್‌ಗೆ ತೀರ ಹತ್ತಿರದ ತಿನಿಸೂ ಇದೆ: ಗಿಣ್ಣು. ಈದ ಹಸುವಿನ ಮೊದಲ ದಿನಗಳ ಹಾಲಿನಲ್ಲಿ ರೋಗನಿರೋಧಕ ಪ್ರೋಟೀನು ಹೇರಳ. ಬೆಲ್ಲ ಹಾಕಿ ಕಾಯಿಸಿದರೆ ಹೆಪ್ಪಿಲ್ಲದೆಯೇ ಗಟ್ಟಿಯಾಗುತ್ತದೆ, ಕರುವನ್ನು ಕೊಯ್ಯಬೇಕಿಲ್ಲ.

ಮಾಂಸದ ಪಾಲು ಕುರಿಗೆ ಹೋಯಿತು. ಮುದ್ದೆಗೂ ರೊಟ್ಟಿಗೂ ಕುರಿಯ ಸಾರು, ಕೈಮಾ. ಅದಕ್ಕೆ ಮಂದ ಕೊಡುವುದು ಹುರಿಗಡಲೆ, ಕೊಬ್ಬರಿ. ಮಾಂಸವಿಲ್ಲದ ದಿನ ರೊಟ್ಟಿಗೆ ಜಿಡ್ಡು ಒದಗಿಸಿದ್ದು ಶೇಂಗಾ ಚಟ್ನಿ; ಎಣ್ಣೆ ಗಿರಣಿಗಳ ಚಳ್ಳಕೆರೆಗೆ ಅದು ಸಹಜ. ದನದ ಮಾಂಸ ಕೆಲವು ಸಮುದಾಯಗಳ ಒಲೆಯಲ್ಲಿ ಉಳಿದು ಬಂತು. ರಾಜ್ಯದ 1964ರ ಗೋಹತ್ಯೆ ತಡೆ ಕಾಯ್ದೆ 12 ವರ್ಷ ಮೀರಿದ ಎತ್ತು, ಎಮ್ಮೆಗಳ ವಧೆಗೆ ಪ್ರಮಾಣಪತ್ರದ ಮೇಲೆ ಅವಕಾಶ ಕೊಟ್ಟಿತ್ತು. 2021ರಲ್ಲಿ ಜಾರಿಗೆ ಬಂದ ಕಾಯ್ದೆ ಆ ಅವಕಾಶವನ್ನು 13 ವರ್ಷ ಮೀರಿದ ಎಮ್ಮೆ, ಕೋಣಗಳಿಗೆ ಮಾತ್ರ ಉಳಿಸಿತು.

ಹಾಲು, ಮಾಂಸ ಇಲ್ಲಿ ಒಂದೇ ಮಡಕೆ ಸೇರಲಿಲ್ಲವೆಂಬ ಮಾತನ್ನು ಪರೀಕ್ಷಿಸುವ ದಾರಿಯೂ ಇದೆ. ಗುಜರಾತಿನ ಕೋಟಡ ಭಾಡ್ಲಿಯ ಹರಪ್ಪ ಕಾಲದ ಮಡಕೆಚೂರುಗಳಲ್ಲಿ ಇಂಗಿದ್ದ ಕೊಬ್ಬನ್ನು ಪರೀಕ್ಷಿಸಿ, ಅವುಗಳಲ್ಲಿ ಹಾಲಿನ ಪದಾರ್ಥ ಬೇಯಿಸಿದ್ದನ್ನು 2020ರಲ್ಲಿ ಸಂಶೋಧಕರು ತೋರಿಸಿಕೊಟ್ಟರು. ಹಾಲಿನ ಕೊಬ್ಬು, ಮಾಂಸದ ಕೊಬ್ಬು ಬೇರೆಯೆಂದು ಈ ವಿಧಾನ ಗುರುತಿಸಬಲ್ಲದು. ಬ್ರಹ್ಮಗಿರಿಯ ಚೂರುಗಳಿಗೂ ಇದೇ ಪರೀಕ್ಷೆ ನಡೆಯಬೇಕು. ಚಳ್ಳಕೆರೆಯ ಕಾವಲಿನ ಸುಮಾರು 10,000 ಎಕರೆ ಈಗಾಗಲೇ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳ, ಉದ್ಯಮದ ಪಾಲಾಗಿದೆ. ದನ ಮೇಯುವ ನೆಲವೇ ಹೀಗೆ ಕಡಿಮೆಯಾಗಿರುವಾಗ, ಕಿಲಾರಿಗಳ ಹಾಲಿನ ತಿಳಿವಳಿಕೆಯನ್ನು ಬರೆದಿಡುವ ಕೆಲಸವನ್ನು ನಮ್ಮ ವಿಶ್ವವಿದ್ಯಾಲಯಗಳು ಇನ್ನು ಮುಂದೂಡಬಾರದು.