ಅಕ್ಕಡಿ ಸಾಲು: ಮಂಡ್ಯ ಸೀಮೆಯ ಬೇಸಾಯದ ತಿಳಿವಳಿಕೆ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಖುಷ್ಕಿ ಬೇಸಾಯದ ಚರಿತ್ರೆಯಲ್ಲಿ ಅಕ್ಕಡಿ ಸಾಲಿಗೆ ವಿಶಿಷ್ಟ ಸ್ಥಾನವಿದೆ. ಕೂರಿಗೆಯಿಂದ ರಾಗಿಯನ್ನೂ ಅದರ ಹಿಂದೆ ಕಟ್ಟಿದ ಸಡ್ಡೆಯಿಂದ ಅವರೆ, ತೊಗರಿ, ಅಲಸಂದೆಗಳನ್ನೂ ಬಿತ್ತುವ ಕ್ರಮವಿದು. 1800ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಫ್ರಾನ್ಸಿಸ್ ಬುಕಾನನ್, ರಾಗಿಯ ನಡುವಣ ಅವರೆ, ತೊಗರಿಯ ಸಾಲುಗಳನ್ನು 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ದಾಖಲಿಸಿದ್ದಾನೆ.

ಅಕ್ಕಡಿಯನ್ನು ಕೇವಲ ಸಾರಿನ ಕಾಳಿಗಾಗಿ ಬಿತ್ತಿದ ಬೆಳೆಯೆಂದು ಭಾವಿಸುವುದು ಅಪೂರ್ಣವಾದೀತು. ದ್ವಿದಳ ಸಸ್ಯಗಳ ಬೇರುಗಂಟುಗಳಲ್ಲಿರುವ ಬ್ಯಾಕ್ಟೀರಿಯಾವನ್ನು ಬೈಜರಿಂಕ್ 1888ರಲ್ಲಿ ಬೇರ್ಪಡಿಸಿದನು. ಅದರ ಡಿಎನ್‌ಎಗೆ ಅಂಟಿಕೊಂಡಿರುವ ನಾಡ್-ಡಿ ಎಂಬ ಪ್ರೋಟೀನು, ಬೇರು ಸ್ರವಿಸುವ ರಾಸಾಯನಿಕವನ್ನು ಗ್ರಹಿಸಿ, ಗಂಟು ಕಟ್ಟಿಸುವ ಜೀನುಗಳಿಗೆ ಚಾಲನೆ ನೀಡುತ್ತದೆ. ಗಂಟಿನೊಳಗೆ ಆಮ್ಲಜನಕ ವಿರಳವಾದಾಗ ನಿಫ್-ಎ ಎಂಬ ಮತ್ತೊಂದು ಪ್ರೋಟೀನು ನೈಟ್ರೋಜಿನೇಸ್ ಎಂಬ ಅಣುಯಂತ್ರದ ಜೀನುಗಳನ್ನು ಪ್ರಚೋದಿಸುತ್ತದೆ. ಗಾಳಿಯ ಒಂದು ಸಾರಜನಕ ಅಣುವನ್ನು ಅಮೋನಿಯವಾಗಿಸಲು ಈ ಯಂತ್ರಕ್ಕೆ ಕನಿಷ್ಠ 16 ಎಟಿಪಿ ಅಣುಗಳು ಬೇಕು. ಅದಕ್ಕೆ ಬೇಕಾದ ಆಹಾರವನ್ನು ಗಿಡವೇ ಒದಗಿಸುತ್ತದೆ. ಸೀಳಿದ ಗಂಟಿನ ನಸುಗೆಂಪು ಬಣ್ಣ ಈ ಕೆಲಸ ನಡೆಯುತ್ತಿರುವುದರ ಗುರುತು.

1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ನಿರ್ಮಾಣದ ತರುವಾಯ, ವಿಶ್ವೇಶ್ವರಯ್ಯ ನಾಲೆಯ ನೀರು ಹರಿದ ಪಾಂಡವಪುರ, ಶ್ರೀರಂಗಪಟ್ಟಣಗಳ ಅನೇಕ ಹೊಲಗಳು ಭತ್ತ, ಕಬ್ಬಿನ ಗದ್ದೆಗಳಾದವು. ಸಮೃದ್ಧಿಯೊಡನೆ ಮೂಟೆಗೊಬ್ಬರವೂ ಬಂದಿತು. ಮಣ್ಣಿನಲ್ಲಿ ಸಾರಜನಕ ಹೇರಳವಾದರೆ ದ್ವಿದಳ ಗಿಡ ಬೇರುಗಂಟು ಕಟ್ಟುವುದನ್ನು ತಗ್ಗಿಸುತ್ತದೆ ಎಂಬುದು ಇಲ್ಲಿ ಗಮನಾರ್ಹ. ಗೊಬ್ಬರ ಹೆಚ್ಚಿದಷ್ಟೂ ಈ ಸಹಬಾಳ್ವೆ ಸಡಿಲಗೊಳ್ಳುತ್ತದೆ.

ನಾಗಮಂಗಲ, ಕೃಷ್ಣರಾಜಪೇಟೆಗಳ ಮಳೆಯಾಶ್ರಿತ ರಾಗಿ ಹೊಲಗಳಲ್ಲಿ ಅಕ್ಕಡಿಯ ಪರಂಪರೆಯನ್ನು ಅರಸಬೇಕಾಗಿದೆ. ಈ ಸೀಮೆಯ ನೀರಾವರಿ ಚರಿತ್ರೆಯನ್ನು ಬರೆಯುವವರು ನಾಲೆಯ ಉದ್ದ, ಕಬ್ಬಿನ ಇಳುವರಿಗಳ ಜೊತೆಗೆ, ಗದ್ದೆಯಾದ ಹೊಲದಲ್ಲಿ ಕಾಣದಾದ ಸಾಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಅವಶ್ಯ.